ಏಳು ದಿನದ ಶ್ರೀಲಂಕಾ: ಯಾವ ಕರಾವಳಿ, ಯಾವ ಬೆಟ್ಟ, ಯಾವ ರೈಲು?

ಬೇಸಿಗೆ ರಜೆಗೆ ಶ್ರೀಲಂಕಾಕ್ಕೆ ಹೊರಡಲು ಸಿದ್ಧರಾಗುತ್ತಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ಮೇ ಮೊದಲ ವಾರದಲ್ಲಿ ಇಬ್ಬರು ಮಕ್ಕಳೊಂದಿಗೆ ಏಳು ದಿನದ ಪ್ರವಾಸ. ಸಿಗಿರಿಯ, ಕ್ಯಾಂಡಿ, ನುವರ ಎಲಿಯ, 'ಎಲ್ಲ' ಪಟ್ಟಣ, ಮಿರಿಸ್ಸ, ಗಾಲೆ, ತ್ರಿಂಕೋಮಲಿ, ಜಾಫ್ನಾ ಇಷ್ಟನ್ನೂ ನೋಡಬೇಕೆಂದಿದ್ದೇವೆ. ಕರ್ನಾಟಕದ ಮೂರನೇ ಒಂದು ಭಾಗದಷ್ಟು ದೇಶ, ಆಗುತ್ತದಲ್ಲವೇ? (ದಾವಣಗೆರೆ)

ಆಗುವುದಿಲ್ಲ. ವಿಸ್ತೀರ್ಣದ ಲೆಕ್ಕ ನಿಮ್ಮದು ಸರಿಯೇ. ಆ ದೇಶ 65,610 ಚದರ ಕಿ.ಮೀ. ಅಷ್ಟೇ. ಆದರೆ ಅಲ್ಲಿ ದಿನವನ್ನು ತಿನ್ನುವುದು ದೂರವಲ್ಲ, ವೇಗ. ಕಟುನಾಯಕದ ವಿಮಾನ ನಿಲ್ದಾಣದಿಂದ ಸಿಗಿರಿಯಕ್ಕೆ ಸುಮಾರು 150 ಕಿ.ಮೀ., ಹಿಡಿಯುವುದು ನಾಲ್ಕು ಗಂಟೆ. ಕ್ಯಾಂಡಿಯಿಂದ ನುವರ ಎಲಿಯಕ್ಕೆ 80 ಕಿ.ಮೀ.ಗಿಂತ ಕಡಿಮೆ, ಅದಕ್ಕೂ ಮೂರು ಗಂಟೆ ಇಟ್ಟುಕೊಳ್ಳಿ. ಘಟ್ಟದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಎಂದು ಲೆಕ್ಕ ಹಾಕಿದರೆ ನಿರಾಸೆಯಾಗದು. ನಿಮ್ಮ ಪಟ್ಟಿಯ ಎಂಟೂ ಊರು ಸುತ್ತಿದರೆ ಮಕ್ಕಳು ನೋಡುವುದು ವ್ಯಾನಿನ ಕಿಟಕಿಯನ್ನು ಮಾತ್ರ.

ಊರು ಆರಿಸುವ ಮೊದಲು ಮಳೆಯನ್ನು ನೋಡಿ. ಅಲ್ಲಿಯೂ ನಮ್ಮಂತೆ ಮುಂಗಾರು, ಹಿಂಗಾರು ಎರಡೂ ಇವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮಳೆ ಗಾಲೆ, ಮಿರಿಸ್ಸ, ಕೊಲಂಬೊ ಮತ್ತು ಬೆಟ್ಟಗಳ ಪಶ್ಚಿಮ ಮಗ್ಗುಲನ್ನು ತೋಯಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಈಶಾನ್ಯ ಮಳೆ ತ್ರಿಂಕೋಮಲಿ, ಜಾಫ್ನಾ ಕಡೆಗೆ. ನಡುವಿನ ಬೆಟ್ಟಸಾಲು ನಮ್ಮ ಸಹ್ಯಾದ್ರಿಯಂತೆಯೇ ಮೋಡವನ್ನು ತಡೆಯುತ್ತದೆ. ಆಗುಂಬೆಯಲ್ಲಿ ಸುರಿದದ್ದು ದಾವಣಗೆರೆಗೆ ಸಿಗದ ಹಾಗೆ, ಮಿರಿಸ್ಸದಲ್ಲಿ ಕಡಲು ಕೆರಳಿದಾಗ ತ್ರಿಂಕೋಮಲಿಯಲ್ಲಿ ನೀರು ತಿಳಿಯಾಗಿರುತ್ತದೆ. ಹಾಗಾಗಿ ಒಂದೇ ಪ್ರವಾಸದಲ್ಲಿ ಎರಡೂ ಕರಾವಳಿ ಬೇಡ. ಮೇ ತಿಂಗಳಿಗೆ ಪೂರ್ವ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಕ್ಷಿಣ. ದಸರಾ ರಜೆಗೆ ಹೋಗುವವರಿಗೂ ಒಂದು ಮಾತು: ಅಕ್ಟೋಬರ್, ನವೆಂಬರ್ ಎರಡು ಮಳೆಗಳ ನಡುವಿನ ಕಾಲ. ಮಧ್ಯಾಹ್ನದ ಗುಡುಗು ಮಳೆ ದೇಶದ ಎಲ್ಲ ಕಡೆಯೂ ಇರುತ್ತದೆ, ಆಗಾಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೂ ಸೇರಿಕೊಳ್ಳುತ್ತದೆ.

ನಿಮಗೆ ನಮ್ಮ ಸಲಹೆ ಹೀಗಿದೆ. ಬೆಂಗಳೂರಿನಿಂದ ನೇರ ವಿಮಾನಕ್ಕೆ ಒಂದೂವರೆ ಗಂಟೆ ಸಾಕು. ಇಳಿದವರು ಕೊಲಂಬೊಗೆ ಹೋಗದೆ ನೇರವಾಗಿ ಸಿಗಿರಿಯಕ್ಕೆ ಹೊರಡಿ. ಅಲ್ಲಿ ಎರಡು ರಾತ್ರಿ. ಒಂದು ಬೆಳಗು ಹಳೆಯ ಅರಮನೆಯ ಅವಶೇಷಗಳಿರುವ ಸಿಗಿರಿಯ ಬಂಡೆಗೆ, ಸಂಜೆ ದಂಬುಲ್ಲದ ಬೌದ್ಧ ಗುಹಾಲಯಗಳಿಗೆ. ಮೂರನೆಯ ದಿನ ಹಳೆಯ ರಾಜಧಾನಿ ಪೊಲೊನ್ನರುವ ನೋಡಿಕೊಂಡು ತ್ರಿಂಕೋಮಲಿಗೆ ಹೋಗಿ ಎರಡು ರಾತ್ರಿ. ಐದನೆಯ ದಿನ ಕ್ಯಾಂಡಿ, ಅಲ್ಲಿ ಎರಡು ರಾತ್ರಿ, ಏಳನೆಯ ದಿನ ವಿಮಾನ ನಿಲ್ದಾಣಕ್ಕೆ ಮೂರು ಗಂಟೆ.

ಪೊಲೊನ್ನರುವವನ್ನು ಬಿಟ್ಟುಬಿಡಬೇಡಿ ಎಂದು ಒತ್ತಿ ಹೇಳುತ್ತೇವೆ. ಬಹಳ ಜನ ಸಿಗಿರಿಯ ಹತ್ತಿ ದಣಿದು ಇದನ್ನು ಕೈಬಿಡುತ್ತಾರೆ. ಒಂದೇ ಬಂಡೆಯಲ್ಲಿ ಕಡೆದ ಗಲ್ ವಿಹಾರದ ನಾಲ್ಕು ಬುದ್ಧರು, ಚೋಳರ ಕಾಲದ ಶಿವ ದೇವಾಲಯ, 12ನೇ ಶತಮಾನದಲ್ಲಿ ಒಂದನೇ ಪರಾಕ್ರಮಬಾಹು ಕಟ್ಟಿಸಿದ ಪರಾಕ್ರಮ ಸಮುದ್ರವೆಂಬ ಕೆರೆ, ಎಲ್ಲವೂ ಸಮತಟ್ಟಾದ ನೆಲದಲ್ಲಿವೆ. ಬಾಡಿಗೆ ಸೈಕಲ್ ಸಿಗುತ್ತದೆ, ಮಕ್ಕಳಿಗೆ ಅದೇ ದೊಡ್ಡ ಸಂಭ್ರಮ. ಕಲ್ಲಿನ ನೆಲ ಹತ್ತು ಗಂಟೆಗೆಲ್ಲ ಕಾದ ಹೆಂಚಾಗುತ್ತದೆ, ಪ್ರತಿ ವಿಹಾರದಲ್ಲೂ ಚಪ್ಪಲಿ ಬಿಡಬೇಕು. ಆದ್ದರಿಂದ ಎಲ್ಲರಿಗೂ ದಪ್ಪ ಕಾಲುಚೀಲ ಇರಲಿ. ಕಾಲುಚೀಲಕ್ಕೆ ಆಕ್ಷೇಪವಿಲ್ಲ.

ತ್ರಿಂಕೋಮಲಿಯಲ್ಲಿ ಒಂದು ಬೆಳಗು ನಿಲಾವೆಳಿ ತೀರದಿಂದ ದೋಣಿಯಲ್ಲಿ ಪಾರಿವಾಳ ದ್ವೀಪಕ್ಕೆ ಹೋಗಿ. ಹವಳದ ನಡುವೆ ಸ್ನಾರ್ಕೆಲ್ ಮಾಡಬಹುದು, ಮನುಷ್ಯರ ತಂಟೆಗೆ ಬಾರದ ಸಣ್ಣ ಶಾರ್ಕ್‌ಗಳೂ ಕಾಣುತ್ತವೆ. ಹವಳದ ಮೇಲೆ ಕಾಲೂರಬಾರದು. ಅದು ಸಾಯುತ್ತದೆ, ಪಾದವೂ ಸೀಳುತ್ತದೆ. ಸಂಜೆ ಫ್ರೆಡರಿಕ್ ಕೋಟೆಯೊಳಗಿನ ಕೋಣೇಶ್ವರಂ ದೇವಸ್ಥಾನ. ಹಳೆಯ ಗುಡಿಯನ್ನು ಪೋರ್ಚುಗೀಸರು 1622ರಲ್ಲಿ ಕೆಡವಿದರು, ಈಗಿನದು ಅದೇ ಕಡಿದಾದ ಬಂಡೆಯ ತುದಿಯಲ್ಲಿದೆ.

ಬುದ್ಧನ ಹಲ್ಲನ್ನು ಇಟ್ಟಿರುವ ಕ್ಯಾಂಡಿಯ ದಂತಧಾತು ಮಂದಿರಕ್ಕೆ ಪೂಜೆಯ ಹೊತ್ತಿಗೇ ಹೋಗಿ: ಬೆಳಿಗ್ಗೆ 5.30, 9.30, ಸಂಜೆ 6.30. ಆಗಲೇ ಗರ್ಭಗುಡಿಯ ಬಾಗಿಲು ತೆರೆಯುವುದು. ಕಾಣುವುದು ದಂತವಲ್ಲ, ಅದನ್ನಿಟ್ಟ ಚಿನ್ನದ ಕರಂಡಕ. ಭುಜ, ಮೊಣಕಾಲು ಮುಚ್ಚಿರಬೇಕು. ದೇಶದ ಯಾವುದೇ ಬುದ್ಧಮೂರ್ತಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯಬಾರದು. ಇದನ್ನು ಅಲ್ಲಿ ನಿಜಕ್ಕೂ ಅವಮಾನವೆಂದೇ ತಿಳಿಯುತ್ತಾರೆ.

ಮೇ ತಿಂಗಳ ಹುಣ್ಣಿಮೆ ವೆಸಾಕ್ ಹಬ್ಬ, ಅಂದರೆ ನಮ್ಮ ಬುದ್ಧ ಪೂರ್ಣಿಮೆ. ಬೀದಿ ತುಂಬ ಕಾಗದದ ಗೂಡುದೀಪ, 'ದನ್ಸಲ್' ಎಂಬ ಚಪ್ಪರಗಳಲ್ಲಿ ಎಲ್ಲರಿಗೂ ಉಚಿತ ಊಟ. ದಿನಾಂಕ ಹೊಂದಿದರೆ ನೋಡಲೇಬೇಕಾದದ್ದು, ಆದರೆ ಕೋಣೆಯನ್ನು ತುಂಬ ಮೊದಲೇ ಕಾದಿರಿಸಿ.

ಪ್ರಶ್ನೆ: ತಾಯಿಗೆ 64 ವರ್ಷ, ಮೊಣಕಾಲು ನೋವಿದೆ. ಸಿಗಿರಿಯ ಹತ್ತಬಹುದೇ? (ಹಾಸನ)

ತುದಿಯವರೆಗೆ ಸುಮಾರು 1,200 ಮೆಟ್ಟಿಲು. ಆರೋಗ್ಯವಂತರಿಗೆ ಹತ್ತಿ ಇಳಿಯಲು ಎರಡೂವರೆಯಿಂದ ಮೂರು ಗಂಟೆ ಬೇಕು. ಆದರೆ ಹತ್ತುವುದು ಅಥವಾ ಬಿಡುವುದು ಎಂದು ಎರಡೇ ದಾರಿಯಿಲ್ಲ, ಭಾಗ ಭಾಗವಾಗಿ ಯೋಚಿಸಿ.

ಪಶ್ಚಿಮ ದ್ವಾರದಿಂದ ಬಂಡೆಯ ಬುಡದವರೆಗಿನ ಜಲೋದ್ಯಾನ ಸಮತಟ್ಟು. ಐದನೇ ಶತಮಾನದಲ್ಲಿ ಕಾಶ್ಯಪ ರಾಜನ ಕಾಲದಲ್ಲಿ ಮಾಡಿದ ಕಾರಂಜಿಗಳು ಮಳೆಗಾಲದಲ್ಲಿ ನೀರಿನ ಒತ್ತಡದಿಂದ ಇಂದಿಗೂ ಚಿಮ್ಮುತ್ತವೆ. ಇಷ್ಟನ್ನು ತಾಯಿಯವರು ನಿಧಾನವಾಗಿ ನೋಡಬಹುದು. ಆಮೇಲೆ ದೊಡ್ಡ ಬಂಡೆಗಳ ನಡುವೆ ಕಲ್ಲಿನ ಮೆಟ್ಟಿಲು ಶುರು, ಎತ್ತರ ಒಂದೇ ಸಮ ಇಲ್ಲ. ಅದರ ನಂತರ ಸುರುಳಿಯಾದ ಕಬ್ಬಿಣದ ಏಣಿ ಅಪ್ಸರೆಯರ ಚಿತ್ರಗಳಿಗೆ ಒಯ್ಯುತ್ತದೆ. ಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಮುಂದೆ ಹಳೆಯ ಯಾತ್ರಿಕರು ಪದ್ಯ ಗೀಚಿರುವ ಕನ್ನಡಿ ಗೋಡೆ, ಅದರಾಚೆ ಸಿಂಹದ ಪಂಜಗಳಿರುವ ಬಯಲು. ಕಷ್ಟದ ಭಾಗ ಇದರ ಮೇಲಿನದು: ಬಂಡೆಯ ಮೈಗೆ ಅಂಟಿಸಿದ ಕಬ್ಬಿಣದ ಮೆಟ್ಟಿಲು, ಕೆಳಗೆ ನೋಡಿದರೆ ಬರೀ ಗಾಳಿ. ಎತ್ತರದ ಭಯ ಇರುವವರು ಪಂಜದ ಬಯಲಲ್ಲೇ ನಿಲ್ಲಬಹುದು, ಅದರಲ್ಲಿ ಸೋಲೇನಿಲ್ಲ.

ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು. ಹಾಗಾಗಿ ತಾಯಿಯವರನ್ನು ಉದ್ಯಾನದಾಚೆಗೆ ಒಯ್ಯಬೇಡಿ. ಅವರು ಅಲ್ಲಿಂದಲೇ ಹಿಂದಿರುಗಿ ದ್ವಾರದ ಬಳಿಯ ವಸ್ತುಸಂಗ್ರಹಾಲಯ ನೋಡಲಿ. ಒಂದು ಎಚ್ಚರ: ಇಳಿಯುವವರ ದಾರಿ ಬೇರೆ ವಾಹನ ನಿಲುಗಡೆಗೆ ಹೋಗುತ್ತದೆ. ಎಲ್ಲಿ ಸೇರಬೇಕೆಂದು ಚಾಲಕರ ಜೊತೆ ಮೊದಲೇ ಮಾತಾಡಿಕೊಳ್ಳದಿದ್ದರೆ ಬಿಸಿಲಲ್ಲಿ ಹುಡುಕಾಟ.

ಬಾಗಿಲು ತೆರೆಯುವ ಹೊತ್ತಿಗೇ ಟಿಕೆಟ್ ಕಿಟಕಿಯಲ್ಲಿರಿ. ಹತ್ತರ ನಂತರ ಬಿಸಿಲು ಮತ್ತು ಗುಂಪು ಎರಡೂ ಸೇರಿ ಏಣಿಯಲ್ಲೇ ನಿಲ್ಲಬೇಕಾಗುತ್ತದೆ. ಬಂಡೆಯ ಪೊಟರೆಗಳಲ್ಲಿ ಜೇನು, ಕಣಜದ ಗೂಡುಗಳಿವೆ. ಗದ್ದಲ ಮಾಡಬೇಡಿ, ಗಾಢ ಸುಗಂಧ ಹಾಕಬೇಡಿ. ಸಾರ್ಕ್ ದೇಶದವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ. ಮೂಲ ಪಾಸ್‌ಪೋರ್ಟ್ ಕೇಳುತ್ತಾರೆ, ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ.

ಪ್ರಶ್ನೆ: ಕ್ಯಾಂಡಿಯಿಂದ 'ಎಲ್ಲ'ಕ್ಕೆ ಹೋಗುವ ಪ್ರಸಿದ್ಧ ರೈಲಿನ ಟಿಕೆಟ್ ಸಿಗುತ್ತಲೇ ಇಲ್ಲ. ಏನು ಮಾಡಲಿ? (ಮಂಗಳೂರು)

ಮೊದಲು ರೈಲು ಯಾವ ನಿಲ್ದಾಣದವರೆಗೆ ಓಡುತ್ತಿದೆ ಎಂದು ವಿಚಾರಿಸಿ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತ ಬೆಟ್ಟದ ಈ ಮಾರ್ಗಕ್ಕೆ ತುಂಬ ಹಾನಿ ಮಾಡಿತು. ಹಳೆಯ ವೇಳಾಪಟ್ಟಿ ನಂಬಿ ಹೋಟೆಲಿಗೆ ಹಣ ಕಟ್ಟಬೇಡಿ.

ಕಾದಿರಿಸುವ ಸೀಟುಗಳು ಪ್ರಯಾಣಕ್ಕೆ 30 ದಿನ ಮೊದಲು ತೆರೆಯುತ್ತವೆ, ಬೇಗನೆ ಮುಗಿಯುತ್ತವೆ. ಸಿಗದಿದ್ದರೆ ದಲ್ಲಾಳಿಗಳಿಗೆ ಹಲವು ಪಟ್ಟು ಕೊಡಬೇಕಿಲ್ಲ. ಎರಡನೇ ಮತ್ತು ಮೂರನೇ ದರ್ಜೆಯಲ್ಲಿ ಕಾದಿರಿಸದ ಬೋಗಿಗಳಿವೆ, ಅವಕ್ಕೆ ಅದೇ ದಿನ ನಿಲ್ದಾಣದಲ್ಲಿ ಟಿಕೆಟ್ ಕೊಡುತ್ತಾರೆ. ಸೀಟಿನ ಖಾತರಿ ಮಾತ್ರ ಇಲ್ಲ. ಪೂರ್ತಿ ಪ್ರಯಾಣ ಸುಮಾರು ಏಳು ಗಂಟೆ, ಅಷ್ಟು ಹೊತ್ತು ಮಕ್ಕಳೊಂದಿಗೆ ನಿಂತಿರುವುದು ಕಷ್ಟ. ಅಂಥವರು ನುವರ ಎಲಿಯದವರೆಗೆ ರಸ್ತೆಯಲ್ಲಿ ಹೋಗಿ, ಅದರ ಹತ್ತಿರದ ನಾನು ಓಯ ನಿಲ್ದಾಣದಿಂದ ಹತ್ತಲಿ. ಅಲ್ಲಿಂದ 'ಎಲ್ಲ'ಕ್ಕೆ ಮೂರು ಗಂಟೆಯೊಳಗೆ. ಸಮುದ್ರಮಟ್ಟದಿಂದ 1,898 ಮೀಟರ್ ಎತ್ತರದ ಪಟ್ಟಿಪೊಲ, ದೇಶದ ಅತಿ ಎತ್ತರದ ನಿಲ್ದಾಣ, ಈ ತುಂಡಿನಲ್ಲೇ ಬರುತ್ತದೆ. ನಮ್ಮ ದೃಷ್ಟಿಯಲ್ಲಿ ಇದೇ ಹೆಚ್ಚು ಚೆಲುವಾದ ಭಾಗ.

ಹವಾನಿಯಂತ್ರಿತ ಮೊದಲ ದರ್ಜೆ ಬೇಡ. ಕಿಟಕಿ ತೆರೆಯುವುದಿಲ್ಲ, ಗಾಜಿನ ಮಬ್ಬಿನಲ್ಲಿ ಚಹಾ ತೋಟವೆಲ್ಲ ಬೂದು. ಕ್ಯಾಂಡಿಯಿಂದ ನಾನು ಓಯದವರೆಗೆ ಬಲಗಡೆ, ಆಮೇಲೆ ಎಡಗಡೆ ಕುಳಿತರೆ ನೋಟ ಹೆಚ್ಚು. ಕೊಲಂಬೊದಿಂದ ಬರುವ ಕೆಲವು ರೈಲುಗಳು ಕ್ಯಾಂಡಿ ನಿಲ್ದಾಣಕ್ಕೇ ಬಾರದೆ ಪೆರಾದೆನಿಯ ಜಂಕ್ಷನ್‌ನಿಂದ ಮುಂದೆ ಹೋಗುತ್ತವೆ. ಟಿಕೆಟ್‌ನಲ್ಲಿ ಹತ್ತುವ ನಿಲ್ದಾಣದ ಹೆಸರು ಓದಿಕೊಳ್ಳಿ.

ಬಾಗಿಲಲ್ಲಿ ಜೋತುಬಿದ್ದು ಫೋಟೊ ತೆಗೆಸಿಕೊಳ್ಳಬೇಡಿ. ಸುರಂಗಗಳು ಹೇಳದೆ ಕೇಳದೆ ಬರುತ್ತವೆ, ಬಂಡೆಯ ಗೋಡೆ ಕೈಯಳತೆಯಲ್ಲಿರುತ್ತದೆ. ಪ್ರವಾಸಿಗರು ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. 1921ರಲ್ಲಿ ಉಕ್ಕಿಲ್ಲದೆ ಕಲ್ಲು, ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿದ ಒಂಬತ್ತು ಕಮಾನಿನ ಸೇತುವೆಯನ್ನು ರೈಲಿನೊಳಗಿಂದಲ್ಲ, ಪಕ್ಕದ ದಿಬ್ಬದಿಂದ ನೋಡಬೇಕು. ಆ ದಿನ ರೈಲು ಎಷ್ಟು ಹೊತ್ತಿಗೆ ದಾಟುತ್ತದೆಂದು 'ಎಲ್ಲ' ನಿಲ್ದಾಣದಲ್ಲಿ ಕೇಳಿಕೊಂಡು ಹೋಗಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ತೊಂದರೆಯಾಗುತ್ತದೆಯೇ? (ಶಿರಸಿ)

ಪದಾರ್ಥಗಳು ನಿಮ್ಮ ಮನೆಯವೇ: ತೆಂಗಿನಕಾಯಿ, ಹಲಸು, ಒಂದೆಲಗ, ಒತ್ತು ಶ್ಯಾವಿಗೆ. ಎಡವುವುದು ಬೇರೆ ಕಡೆ. 'ಉಂಬಲಕಡ' ಎಂಬ ಒಣಮೀನಿನ ಚೂರನ್ನು ಅಲ್ಲಿ ನಾವು ಇಂಗು ಹಾಕಿದ ಹಾಗೆ ರುಚಿಗೆ ಹಾಕುತ್ತಾರೆ. ಕಾಯಿತುರಿಯ ಚಟ್ನಿಯಂತಿರುವ ಪೊಲ್ ಸಂಬೋಲದಲ್ಲಿ ಅದು ಸಾಮಾನ್ಯ, ಹಳದಿ ಕಾಯಿಹಾಲಿನ ಕಿರಿ ಹೊದಿಯಲ್ಲಿ, ಕೆಲವೊಮ್ಮೆ ಬೇಳೆಯಲ್ಲೂ ಇರುತ್ತದೆ. "ವೆಜಿಟೇರಿಯನ್ನಾ?" ಎಂದು ಕೇಳಿದರೆ ಹೌದೆನ್ನಬಹುದು, ಏಕೆಂದರೆ ಹಲವರ ಪ್ರಕಾರ ಅದು ಮಸಾಲೆ. ಹೀಗೆ ಹೇಳಿ: "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ." ಮಾಂಸ ಬೇಡ, ಮೀನು ಬೇಡ, ಒಣಮೀನಿನ ಚೂರು ಬೇಡ ಎಂದರ್ಥ. ಮೊಟ್ಟೆಗೆ 'ಬಿತ್ತರ'.

ನಿಶ್ಚಿಂತೆ ಬೇಕಾದರೆ ತಮಿಳರ 'ಸೈವ' ಹೋಟೆಲು ಹುಡುಕಿ. ಕೊಲಂಬೊದ ವೆಳ್ಳವತ್ತೆ, ಜಾಫ್ನಾ, ತ್ರಿಂಕೋಮಲಿ, ನುವರ ಎಲಿಯದಲ್ಲಿ ಸಿಗುತ್ತವೆ. ಎಮ್ಮೆ ಮೊಸರಿನ ಮೇಲೆ 'ಕಿತುಲ್' ಬೆಲ್ಲದ ಪಾಕ ಹಾಕಿ ಕೊಡುವುದನ್ನು ತಪ್ಪಿಸಿಕೊಳ್ಳಬೇಡಿ. ಕಿತುಲ್ ಎಂದರೆ ನಿಮ್ಮ ಕಾಡಿನ ಬೈನೆ ಮರವೇ.

ಪ್ರಶ್ನೆ: ರಾಮಾಯಣದ ಸ್ಥಳಗಳನ್ನು ಒಂದೇ ದಿನದಲ್ಲಿ ನೋಡಬಹುದೇ? (ಮೈಸೂರು)

ದೇಶದಾದ್ಯಂತ ಹರಡಿರುವುದನ್ನೆಲ್ಲ ಆಗದು. ಬೆಟ್ಟದ ಸೀಮೆಯವು ಮಾತ್ರ ಒಂದೇ ರಸ್ತೆಯ ಸಾಲಿನಲ್ಲಿವೆ, ನಡುವೆ ಒಂದು ರಾತ್ರಿ ಕಳೆದರೆ ಧಾವಂತವಿಲ್ಲ. ಕ್ಯಾಂಡಿಯಿಂದ ಹೊರಟು ರಂಬೊಡದ ಹನುಮಂತನ ಗುಡಿ ನೋಡಿಕೊಂಡು ನುವರ ಎಲಿಯದಲ್ಲಿ ತಂಗಿ. 1,800 ಮೀಟರಿಗೂ ಮೇಲಿನ ಊರು, ಸ್ವೆಟರ್ ಬೇಕೇ ಬೇಕು. ಮರುದಿನ ಬೆಳಿಗ್ಗೆ ಸೀತಾ ಎಲಿಯದ ಸೀತಮ್ಮನ ಕೋವಿಲು. ಹೊಳೆಯ ಬಂಡೆಯ ಮೇಲಿನ ಗುಳಿಗಳನ್ನು ಹನುಮನ ಹೆಜ್ಜೆಯೆಂದು ಭಕ್ತರು ನಂಬುತ್ತಾರೆ. ಅಲ್ಲಿಂದ ಮುಂದೆ, ಅಶೋಕವನದ ಭಾಗವೆಂಬ ನಂಬಿಕೆಯ ಹಕ್ಗಲ ಸಸ್ಯೋದ್ಯಾನ. ಆಮೇಲೆ ಅಗ್ನಿಪರೀಕ್ಷೆಯ ಜಾಗವೆನ್ನುವ ದಿವುರುಂಪೊಲ, ಅದು ಬೌದ್ಧ ವಿಹಾರ. ಕೊನೆಗೆ 'ಎಲ್ಲ' ದಾಟಿ ರಾವಣ ಜಲಪಾತ. ಅಲ್ಲಿ ಬಂಡೆ ಹತ್ತಿ ನೀರಿಗಿಳಿಯಬೇಡಿ, ಜಾರಿಕೆ ಬಹಳ.

ಇವು ಸ್ಥಳೀಯ ನಂಬಿಕೆಯ ತಾಣಗಳು. ಶಾಸನ, ಉತ್ಖನನದ ಆಧಾರವುಳ್ಳ ಪ್ರಾಚೀನ ರಾಜಧಾನಿ ಅನುರಾಧಪುರದ ಜೊತೆ ಬೆರೆಸಿ ಹೇಳುವ ಮಾರ್ಗದರ್ಶಿಗಳಿದ್ದಾರೆ, ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಿಸಿಕೊಳ್ಳಿ. ಈ ದಾರಿ ಹಿಡಿದರೆ ರೈಲು ತಪ್ಪುತ್ತದೆ, ರೈಲು ಹಿಡಿದರೆ ಇವು ತಪ್ಪುತ್ತವೆ. ಹಿರಿಯರು ಜೊತೆಗಿದ್ದರೆ ರಸ್ತೆಯೇ ಸರಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಸಫಾರಿಗೆ ಯಾಲವೋ ಮಿನ್ನೇರಿಯವೋ? (ಬೆಂಗಳೂರು)

ಮಿನ್ನೇರಿಯ. ಜುಲೈನಿಂದ ಅಕ್ಟೋಬರ್‌ವರೆಗೆ ಕೆರೆಯ ನೀರು ಹಿಂದೆ ಸರಿದು ಚಿಗುರುವ ಹುಲ್ಲಿಗೆ ನೂರಾರು ಆನೆಗಳು ಸೇರುತ್ತವೆ. ಜೀಪು ಹತ್ತುವ ಮುನ್ನ ಆನೆಗಳು ಅಂದು ಮಿನ್ನೇರಿಯದಲ್ಲಿವೆಯೋ ನೆರೆಯ ಕೌಡುಲ್ಲದಲ್ಲಿವೆಯೋ ಕೇಳಿ, ಅವು ಎರಡರ ನಡುವೆ ಓಡಾಡುತ್ತವೆ. ಚಿರತೆಯೇ ಬೇಕೆನ್ನುವವರಿಗೆ ಯಾಲ. ಆದರೆ ಅದರ ಮುಖ್ಯ ಭಾಗವನ್ನು ಬರದ ಕಾರಣ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತಾರೆ.

ಪ್ರಶ್ನೆ: ವೀಸಾ, ಹಣದ ವ್ಯವಸ್ಥೆ ಹೇಗೆ? (ಹುಬ್ಬಳ್ಳಿ)

ಹೊರಡುವ ಮುನ್ನ ಇಟಿಎ ಎಂಬ ಆನ್‌ಲೈನ್ ಅನುಮತಿ ಪಡೆಯಿರಿ. ಶುಲ್ಕದ ನಿಯಮ ಪದೇ ಪದೇ ಬದಲಾಗಿದೆ, ಅರ್ಜಿ ಹಾಕುವ ದಿನವೇ ನೋಡಿ. ಸರ್ಕಾರಿ ತಾಣದ ವಿಳಾಸ 'ಡಾಟ್ ಗವ್ ಡಾಟ್ ಎಲ್‌ಕೆ' ಎಂದು ಮುಗಿಯುತ್ತದೆ. ಹುಡುಕಿದಾಗ ಅದೇ ರೂಪದ ಖಾಸಗಿ ತಾಣಗಳು ಮೇಲೆ ಬಂದು ಹೆಚ್ಚು ಹಣ ಕೀಳುತ್ತವೆ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಲಿ.

2024ರ ಫೆಬ್ರವರಿಯಿಂದ ಯುಪಿಐ ಅಲ್ಲಿ ನಡೆಯುತ್ತದೆ, ಲಂಕಾ ಕ್ಯೂಆರ್ ಫಲಕ ಇರುವ ಅಂಗಡಿಗಳಲ್ಲಿ ಮಾತ್ರ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಇಲ್ಲಿಂದಲೇ ಚಾಲೂ ಮಾಡಿಕೊಂಡು ಹೋಗಿ. ಆಟೊ, ಚಪ್ಪಲಿ ಕಾಯುವವರು, ರೈಲಿನಲ್ಲಿ ಕಡಲೆ ವಡೆ ಮಾರುವವರಿಗೆ ಚಿಲ್ಲರೆ ನೋಟು ಬೇಕು. ವಿಮಾನ ನಿಲ್ದಾಣದ ಆಗಮನ ಭಾಗದಲ್ಲೇ ಬದಲಿಸಿಕೊಂಡು, ಐದು ಸಾವಿರದ ನೋಟಿನ ಬದಲು ನೂರು, ಐನೂರರ ನೋಟುಗಳನ್ನು ಕೇಳಿ ಪಡೆಯಿರಿ.