ಮಗನ ಫ್ಲ್ಯಾಟು, ಅಪ್ಪನ ಪಿಎಫ್ಫು

ಪ್ರಶ್ನೆ: ನನಗೆ 56 ವರ್ಷ. ಮಂಗಳೂರಿನ ಗೇರುಬೀಜ ಕಾರ್ಖಾನೆಯೊಂದರ ಆಫೀಸಿನಲ್ಲಿ 2002ರಿಂದ ಲೆಕ್ಕ ಬರೆಯುತ್ತಿದ್ದೇನೆ. 58ಕ್ಕೆ ನಿವೃತ್ತಿ. ಒಟ್ಟು ಸಂಬಳ 38 ಸಾವಿರ, ಅದರಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 26 ಸಾವಿರ. ಪಿಎಫ್‌ನಲ್ಲಿ ಹದಿನಾಲ್ಕೂವರೆ ಲಕ್ಷ ಇದೆ, ಬ್ಯಾಂಕಿನಲ್ಲಿ ಆರು ಲಕ್ಷ ಎಫ್‌ಡಿ. ಕಿನ್ನಿಗೋಳಿ ಹತ್ತಿರ 15 ಸೆಂಟ್ಸ್ ಜಾಗದಲ್ಲಿ ಹಳೆಯ ಹಂಚಿನ ಮನೆ. ಮಗಳ ಮದುವೆಯ ಸಾಲ ಕಳೆದ ವರ್ಷವಷ್ಟೇ ತೀರಿತು. ಹೆಂಡತಿಗೆ 53, ಶುಗರ್ ಮತ್ತು ಬಿಪಿ ಇದೆ. ಹದಿನೇಳು ವರ್ಷ ಬೀಡಿ ಕಟ್ಟಿದವಳು, ಭುಜದ ನೋವಿನಿಂದ ಆರು ವರ್ಷದ ಹಿಂದೆ ಬಿಟ್ಟಳು. ಈಗ ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹತ್ತು ಲಕ್ಷ ಕೇಳುತ್ತಿದ್ದಾನೆ. 'ಆಮೇಲೆ ಎಲ್ಲರೂ ಒಟ್ಟಿಗೆ ಇರುವ' ಎನ್ನುತ್ತಾನೆ. ಭಾವನವರು, ಪಿಎಫ್ ಬಂದ ಕೂಡಲೇ ಸೊಸೈಟಿಯಲ್ಲಿ ಇಡಿ, ಬ್ಯಾಂಕಿಗಿಂತ ಒಂದೂವರೆ ಪರ್ಸೆಂಟ್ ಹೆಚ್ಚು ಎನ್ನುತ್ತಾರೆ. ಇಡೀ ಜೀವಮಾನ ಬೇರೆಯವರ ಲೆಕ್ಕ ಬರೆದವನಿಗೆ ಸ್ವಂತ ಲೆಕ್ಕ ಹಾಕಲು ಹೆದರಿಕೆ. ಹೆಂಡತಿಗೆ ಈ ಅಂಕಿಗಳೊಂದೂ ಗೊತ್ತಿಲ್ಲ. ತಡವಾಯಿತೇ? ಮಗನಿಗೆ ಇಲ್ಲ ಅನ್ನುವುದು ಹೇಗೆ?

ಉತ್ತರ: ತಡವಾಗಿದೆ, ಹೌದು. ಆದರೆ ಕೈಮೀರಿಲ್ಲ. ಸಾಲವಿಲ್ಲ, ಬಾಡಿಗೆ ಇಲ್ಲ, ಬಾವಿಯಲ್ಲಿ ನೀರಿದೆ, ಇನ್ನೂ ಎರಡು ವರ್ಷದ ಸಂಬಳ ಬಾಕಿ ಇದೆ. ನಿಮ್ಮ ಹೆದರಿಕೆಗೆ ಅರ್ಧ ಕಾರಣ ಆ 'ಲಕ್ಷ' ಎನ್ನುವ ಶಬ್ದ. ಹದಿನಾಲ್ಕೂವರೆ ಲಕ್ಷ ಎಂದರೆ ಮಗನಿಗೆ ದೊಡ್ಡ ಗಂಟಿನಂತೆ ಕಾಣುತ್ತದೆ, ನಿಮಗೂ ಹಾಗೆಯೇ. ಅದನ್ನು ತಿಂಗಳ ಸಂಬಳವಾಗಿ ಬಿಡಿಸಿ ನೋಡಿದರೆ ಇಬ್ಬರಿಗೂ ವಿಷಯ ಅರ್ಥವಾಗುತ್ತದೆ. ಹಾಗೆಯೇ ಬಿಡಿಸೋಣ.

ಮೊದಲು ಬರುವುದೆಷ್ಟು. ಪಿಎಫ್‌ಗೆ ನಿಮ್ಮ ಪಾಲು ತಿಂಗಳಿಗೆ 3,120. ಕಂಪನಿಯ 3,120ರಲ್ಲಿ 1,250 ಪಿಂಚಣಿ ಖಾತೆಗೆ ಹೋಗಿ 1,870 ಉಳಿಯುತ್ತದೆ. ಬಡ್ಡಿ 8.25 ಎಂದು ಹಿಡಿದರೆ 58ಕ್ಕೆ ಸುಮಾರು 18 ಲಕ್ಷ. ಗ್ರಾಚ್ಯುಟಿಗೆ ಸೂತ್ರ ಸರಳ: 26 ಸಾವಿರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ 26 ವರ್ಷದಿಂದ ಮತ್ತೊಮ್ಮೆ ಗುಣಿಸಿ. 3 ಲಕ್ಷ 90 ಸಾವಿರ. ನಿವೃತ್ತಿಯಾಗಿ 30 ದಿನದೊಳಗೆ ಕಂಪನಿ ಕೊಡಬೇಕು. ಇವೆರಡಕ್ಕೂ ನಿಮ್ಮ ಮಟ್ಟದಲ್ಲಿ ತೆರಿಗೆ ಇಲ್ಲ.

ಪಿಂಚಣಿಯಲ್ಲಿ ಮಾತ್ರ ಹೆಚ್ಚಿನವರು ಎಡವುತ್ತಾರೆ. ಪಿಂಚಣಿಗೆ ಲೆಕ್ಕ ಹಿಡಿಯುವ ವೇತನದ ಮಿತಿಯಾದ 15 ಸಾವಿರವನ್ನು ಸೇವಾವರ್ಷದಿಂದ ಗುಣಿಸಿ 70ರಿಂದ ಭಾಗಿಸಿ, ಇಪ್ಪತ್ತು ವರ್ಷ ದಾಟಿದ್ದಕ್ಕೆ ಎರಡು ವರ್ಷ ಬೋನಸ್ ಸೇರಿಸಿ, ಆರು ಸಾವಿರ ಬರುತ್ತದೆ ಎಂದು ಕೂತಿರುತ್ತಾರೆ. ಆದರೆ ವೇತನ ಮಿತಿ 15 ಸಾವಿರ ಆದದ್ದು 2014ರ ಸೆಪ್ಟೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಸೇವೆಗೆ ಮಿತಿ 6,500. ನಿಮ್ಮ ಮೊದಲ 12 ವರ್ಷಕ್ಕೆ 1,114 ರೂಪಾಯಿ, ಮುಂದಿನ 14 ವರ್ಷಕ್ಕೆ 3,000. ಬೋನಸ್ ಸೇರಿ ಹೆಚ್ಚೆಂದರೆ ನಾಲ್ಕೂವರೆ ಸಾವಿರ. ಅದಕ್ಕೆ ತುಟ್ಟಿಭತ್ಯೆ ಇಲ್ಲ, ವರ್ಷ ವರ್ಷ ಏರುವುದೂ ಇಲ್ಲ. ನಿಮ್ಮ ನಂತರ ಹೆಂಡತಿಗೆ ಅದರ ಅರ್ಧ.

ಇನ್ನು ಖರ್ಚು. ನೀವು ಬರೆದಿಲ್ಲ. ನಿಮ್ಮಂಥ ಮನೆಗೆ, ಮೀನು, ಔಷಧಿ, ಕರೆಂಟು, ಮದುವೆ-ಗೃಹಪ್ರವೇಶದ ಮುಯ್ಯಿ ಎಲ್ಲ ಸೇರಿ 22 ಸಾವಿರ ಎಂದಿಟ್ಟುಕೊಳ್ಳುತ್ತೇವೆ. ಮೂರು ತಿಂಗಳು ಬರೆದಿಟ್ಟು ನಿಮ್ಮದೇ ಅಂಕಿ ಹಾಕಿಕೊಳ್ಳಿ. ಮುಯ್ಯಿಯ ಕಾಲಂ ಮರೆಯಬೇಡಿ, ಏಪ್ರಿಲ್-ಮೇಯಲ್ಲಿ ಅದು ಅಕ್ಕಿಯ ಖರ್ಚನ್ನು ಮೀರಿಸುತ್ತದೆ. ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಈ 22 ಸಾವಿರ ಹನ್ನೆರಡು ವರ್ಷದಲ್ಲಿ 44 ಸಾವಿರ. ಆಗ ನಿಮಗೆ 68, ಹೆಂಡತಿಗೆ 65. ಅವರು 85ರವರೆಗೆ ಇರುತ್ತಾರೆ ಎಂದೇ ಲೆಕ್ಕ ಹಾಕಬೇಕು.

ಹೀಗೆ ಹಂಚಬಹುದು. ಪಿಎಫ್, ಗ್ರಾಚ್ಯುಟಿ, ಎಫ್‌ಡಿ ಸೇರಿ 28 ಲಕ್ಷದ ಹತ್ತಿರ. ಅದರಲ್ಲಿ 15 ಲಕ್ಷ ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. ಈಗಿನ ದರ ಶೇ 8.2. ಮೂರು ತಿಂಗಳಿಗೊಮ್ಮೆ 30,750, ಅಂದರೆ ತಿಂಗಳಿಗೆ 10,250. ಸೇರುವ ದಿನದ ದರ ಐದು ವರ್ಷ ಬದಲಾಗುವುದಿಲ್ಲ. 60 ಆಗದಿದ್ದರೂ, 55 ದಾಟಿ ನಿವೃತ್ತರಾದವರು ಸೇರಬಹುದು. ಆದರೆ ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಹಾಕಬೇಕು, ನಿವೃತ್ತಿಯ ಬಗ್ಗೆ ಮತ್ತು ಹಣ ಕೊಟ್ಟ ದಿನದ ಬಗ್ಗೆ ಕಂಪನಿಯ ಪತ್ರ ಬೇಕು. 'ಮಳೆ ಬಿಡಲಿ, ಆಮೇಲೆ ನೋಡುವ' ಎಂದು ಕೂತರೆ 60ರವರೆಗೆ ಕಾಯಬೇಕಾಗುತ್ತದೆ. ಖಾತೆಯನ್ನು ಹೆಂಡತಿಯೊಂದಿಗೆ ಜಂಟಿಯಾಗಿ ತೆರೆಯಿರಿ.

ಇನ್ನು 4 ಲಕ್ಷ ಅವರದೇ ಹೆಸರಿನಲ್ಲಿ ಅಂಚೆಯ ಮಾಸಿಕ ಆದಾಯ ಯೋಜನೆಗೆ: ಶೇ 7.4, ತಿಂಗಳಿಗೆ 2,460ರ ಆಸುಪಾಸು. 3 ಲಕ್ಷ ಬ್ಯಾಂಕಿನಲ್ಲಿ, ಒಂದೊಂದು ಲಕ್ಷದ ಮೂರು ಎಫ್‌ಡಿಗಳಾಗಿ, ಆಸ್ಪತ್ರೆ-ಆಪತ್ತಿಗೆ. ಒಂದೇ ರಸೀದಿ ಮಾಡಿಸಿದರೆ ಮೂವತ್ತು ಸಾವಿರಕ್ಕಾಗಿ ಇಡೀ ಮೂರು ಲಕ್ಷ ಮುರಿಯಬೇಕಾಗುತ್ತದೆ. ಮತ್ತೆ 4 ಲಕ್ಷವನ್ನು ಷೇರು ಮತ್ತು ಸಾಲಪತ್ರ ಎರಡೂ ಬೆರೆತ ಮ್ಯೂಚುವಲ್ ಫಂಡಿಗೆ, ಎರಡು ವರ್ಷಕ್ಕೆ ಹಂಚಿ ಸ್ವಲ್ಪಸ್ವಲ್ಪವಾಗಿ ಹಾಕಿ. 66ರ ಮೊದಲು ಅದನ್ನು ಮುಟ್ಟುವಂತಿಲ್ಲ. ಅದು 44 ಸಾವಿರದ ದಿನಕ್ಕೆ. ಮಾರುಕಟ್ಟೆ ಬಿದ್ದ ವರ್ಷ ಗಾಬರಿಯಿಂದ ತೆಗೆಯುವ ಸ್ವಭಾವ ನಿಮ್ಮದಾದರೆ ಈ ಭಾಗ ಬೇಡವೇ ಬೇಡ.

ಪಿಂಚಣಿ ಸೇರಿಸಿದರೆ ತಿಂಗಳಿಗೆ 17,200. ಇಂದಿನ ಖರ್ಚಿನ ಲೆಕ್ಕದಲ್ಲೇ ಕೊರತೆ 4,800. ಇದನ್ನು ತುಂಬಲು ಅಸಲಿಗೆ ಕೈ ಹಾಕಬೇಡಿ, ಐದು ವರ್ಷ ಅರೆಕಾಲಿಕ ಕೆಲಸ ಮಾಡಿ. ಬಂದರು, ರಥಬೀದಿ ಕಡೆಯ ಸಗಟು ಅಂಗಡಿಗಳಿಗೆ ಜಿಎಸ್‌ಟಿ ರಿಟರ್ನ್‌ಗೆ ಲೆಕ್ಕ ಹೊಂದಿಸಿ ಕೊಡುವವರು ಯಾವತ್ತೂ ಬೇಕು, ಎರಡು ಅಂಗಡಿ ಸಿಕ್ಕಿದರೆ ಸಾಕು. ಟ್ಯಾಲಿಯಲ್ಲಿ ಕೈ ಪಳಗಿರುವಾಗಲೇ, ಈಗಲೇ ಮಾತಾಡಿ ಇಡಿ.

ಈಗ ಮಗನ ಹತ್ತು ಲಕ್ಷ. ಶೇ 8.2ರಂತೆ ಅದರ ಬಡ್ಡಿ ತಿಂಗಳಿಗೆ 6,833 ರೂಪಾಯಿ. ಅವನಿಗೆ ಅದು ಇಪ್ಪತ್ತು ವರ್ಷದ ಗೃಹಸಾಲದ ಕಂತು ಕಡಿಮೆಯಾಗುವ ದಾರಿ. ನಿಮಗೆ ಅದು ಅಮ್ಮನ ಔಷಧಿ ಮತ್ತು ಅಕ್ಕಿ. ಅವನಿಗೆ ಬ್ಯಾಂಕ್ ಸಾಲ ಕೊಡುತ್ತದೆ, ನಿಮಗೆ ಮುಪ್ಪಿಗೆಂದು ಬ್ಯಾಂಕು ಅಷ್ಟು ಸುಲಭವಾಗಿ ಸಾಲ ಕೊಡುವುದಿಲ್ಲ. ಪಿಎಫ್‌ನಿಂದ ಸೇವೆಯಲ್ಲಿರುವಾಗ ತೆಗೆಯುವ ಮುಂಗಡವನ್ನು ಮತ್ತೆ ತುಂಬಿಸುವ ವ್ಯವಸ್ಥೆಯೂ ಇಲ್ಲ, ಹೋದದ್ದು ಹೋಯಿತು. 'ಒಟ್ಟಿಗೆ ಇರುವ' ಎನ್ನುವುದು ಪ್ರೀತಿಯ ಮಾತು, ಸಂಶಯ ಬೇಡ. ಆದರೆ ಫ್ಲ್ಯಾಟ್ ಅವನ ಹೆಸರಿನಲ್ಲಿರುತ್ತದೆ, ನಾಳೆ ಅವನ ಕೆಲಸ ಪುಣೆಗೆ ಹೋಗಬಹುದು, ನಿಮಗೇ ಹತ್ತನೇ ಮಾಳಿಗೆಯಲ್ಲಿ ಮನಸ್ಸು ನಿಲ್ಲದೆ ಊರಿಗೆ ಬರಬೇಕೆನಿಸಬಹುದು. ಬರುವಾಗ ಹತ್ತು ಲಕ್ಷ ಜೊತೆಗೆ ಬರುವುದಿಲ್ಲ.

ಏನೂ ಕೊಡಬೇಡಿ ಎಂದು ನಾವು ಹೇಳುವುದಿಲ್ಲ. ಎಫ್‌ಡಿಯಿಂದ ಎರಡು ಲಕ್ಷ ಕೊಡಿ. ಮೇಲಿನ ಹಂಚಿಕೆಯಲ್ಲಿ 28ರಲ್ಲಿ 26ನ್ನು ಮಾತ್ರ ಬಳಸಿದ್ದು ಅದಕ್ಕೇ. ಸಾಲವೆಂದು ಕೊಡಬೇಡಿ, ವಾಪಸ್ ಕೇಳಲು ನಿಮಗೆ ನಾಲಿಗೆ ಏಳುವುದಿಲ್ಲ. ಫೋನಿನಲ್ಲಿ ಈ ಮಾತು ಬೇಡ. ಮೊದಲು ಹೆಂಡತಿಯ ಮುಂದೆ ಪಾಸ್‌ಬುಕ್ ಬಿಡಿಸಿ, ಒಂದು ಸಂಜೆ ಪೂರ್ತಿ. ಅಂಕಿ ಗೊತ್ತಿಲ್ಲದ ತಾಯಿ ಮಗನ ಪರ ನಿಲ್ಲುತ್ತಾಳೆ, ಅದು ಸಹಜ. ಆಮೇಲೆ ಚೌತಿಗೆ ಮಗ ಊರಿಗೆ ಬಂದಾಗ, ಊಟವಾದ ಮೇಲೆ, ಅದೇ ಕಾಗದ ಅವನ ಕೈಗೆ ಕೊಟ್ಟು ನಿಮ್ಮ ಮನೆಯ ಭಾಷೆಯಲ್ಲೇ ಹೇಳಿ: 'ಹತ್ತು ಲಕ್ಷ ಕೊಡ್ಲಿಕ್ಕೆ ಆಗುದಿಲ್ಲ ಮಗಾ. ಅದರಲ್ಲಿ ಅಮ್ಮನಿಗೆ ತಿಂಗಳಿಗೆ ಆರು ಸಾವಿರದ ಎಂಟುನೂರು ಬರ್ತದೆ. ಎರಡು ಕೊಡ್ತೇನೆ, ಅದು ವಾಪಸ್ ಬೇಡ.' ಇಷ್ಟೇ. 'ನೋಡುವ, ಮುಂದಿನ ವರ್ಷ' ಎಂಬ ಮಾತು ಮಾತ್ರ ಬೇಡ. ಆ ಮಾತು ನಂಬಿ ಅವನು ಬುಕಿಂಗ್‌ಗೆ ಮುಂಗಡ ಕಟ್ಟಿಬಿಟ್ಟರೆ ಇಬ್ಬರಿಗೂ ಕಷ್ಟ. ಎರಡು ದಿನ ಮುಖ ಊದಿಸಿಕೊಂಡಾನು, ಊದಿಸಲಿ.

ಭಾವನವರ ಸೊಸೈಟಿಯ ಮಾತು ಚಿಕ್ಕದಾಗಿ. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಬ್ಯಾಂಕೊಂದಕ್ಕೆ ತಲಾ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ, ಬೋರ್ಡಿನಲ್ಲಿ ಎಷ್ಟು ದೊಡ್ಡ ಹೆಸರಿದ್ದರೂ ಇಲ್ಲ. ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿ ನಡೆಯುವ ಸೊಸೈಟಿಗಳು ಎಷ್ಟೋ ಇವೆ. ಆದರೂ ಹೋದರೆ ಹೋಗಲಿ ಎನ್ನಬಹುದಾದಷ್ಟೇ ಅಲ್ಲಿ ಇಡಿ, ಭಾವನ ಮರ್ಯಾದೆಗೆ ಐವತ್ತು ಸಾವಿರ ಬೇಕಾದರೆ ಇರಲಿ.

ನಿಮ್ಮ ಪತ್ರದಲ್ಲಿ ನೀವು ಹಾಗೇ ದಾಟಿಹೋದ ಒಂದು ಸಾಲಿದೆ: ಹದಿನೇಳು ವರ್ಷ ಬೀಡಿ ಕಟ್ಟಿದ್ದು. ಆ ಪಿಎಫ್ ಏನಾಯಿತು ಮಾರಾಯ್ರೆ? ಮನೆಯಲ್ಲೇ ತಡ್ಪೆ (ಮೊರ) ಮಡಿಲಲ್ಲಿಟ್ಟು ಕಟ್ಟಿದವರಿಗೂ ಪಿಎಫ್ ಇದೆ, ಪಿಂಚಣಿ ಯೋಜನೆಯೂ ಇದೆ. ಹತ್ತು ವರ್ಷ ಸೇವೆ ದಾಖಲಾಗಿದ್ದರೆ 58ಕ್ಕೆ ತಿಂಗಳಿಗೆ ಕನಿಷ್ಠ ಸಾವಿರ ರೂಪಾಯಿ, ಬದುಕಿರುವವರೆಗೆ. 58 ಆಗದ್ದರಿಂದ ಪಿಎಫ್ ಖಾತೆಗೆ ಬಡ್ಡಿಯೂ ನಿಂತಿರಲಾರದು. ಕಪಾಟಿನಲ್ಲಿ ಹಳೆಯ ಬೀಡಿ ಪುಸ್ತಕ, ಗುರುತಿನ ಚೀಟಿ, ಪಿಎಫ್ ನಂಬರು ಬರೆದ ಕಾಗದ ಹುಡುಕಿ. ಸಿಗದಿದ್ದರೆ ಬೀಡಿ ಕೊಡುತ್ತಿದ್ದ ಬ್ರಾಂಚಿನಲ್ಲೋ ಕಂಪನಿಯ ಆಫೀಸಿನಲ್ಲೋ ಕೇಳಿ.

ಇಲ್ಲಿ ಕೆಲಸ ಕೆಡುವುದು ಹೆಸರಿನಲ್ಲಿ. ಬೀಡಿ ಪುಸ್ತಕದಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಶಾಲೆಯ ಹೆಸರಿನ ಮುಂದೆ ಗಂಡನ ಹೆಸರು. ಹುಟ್ಟಿದ ತಾರೀಕು ಅಂದಾಜಿನಲ್ಲಿ ಬರೆದದ್ದು. ಬಿಟ್ಟ ತಾರೀಕು ನಮೂದಾಗಿಯೇ ಇಲ್ಲ. ಇವೆಲ್ಲವನ್ನೂ ಕಂಪನಿಯವರ ಸಹಿಯೊಂದಿಗೆ ಜಂಟಿ ಘೋಷಣೆ ಕೊಟ್ಟು ಸರಿಪಡಿಸಬೇಕು, ಅದಿಲ್ಲದೆ ಪಿಎಫ್ ಸದಸ್ಯರ ಖಾಯಂ ನಂಬರಾದ ಯುಎಎನ್‌ಗೆ ಆಧಾರ್ ಜೋಡಣೆಯಾಗುವುದಿಲ್ಲ, ಅರ್ಜಿ ತಿರುಗಿ ಬರುತ್ತಲೇ ಇರುತ್ತದೆ. ಪ್ರತಿ ತಿಂಗಳು 27ರಂದು ಪಿಎಫ್ ಸಂಸ್ಥೆಯಾದ ಇಪಿಎಫ್‌ಒ ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಶಿಬಿರ ನಡೆಸುತ್ತದೆ, ಕಾಗದಗಳ ಜೆರಾಕ್ಸ್ ಹಿಡಿದು ಅಲ್ಲಿಗೆ ಇಬ್ಬರೂ ಹೋಗಿ. ಪಿಎಫ್ ಹಣಕ್ಕೆ ಫಾರ್ಮ್ 19. ಪಿಂಚಣಿಯ ಭಾಗಕ್ಕೆ 10ಸಿಯಲ್ಲಿ ಸ್ಕೀಮ್ ಸರ್ಟಿಫಿಕೇಟ್ (ಸೇವಾವರ್ಷಗಳ ದಾಖಲೆಪತ್ರ) ತೆಗೆದಿಟ್ಟು, 58ಕ್ಕೆ 10ಡಿ ತುಂಬಬೇಕು. 50 ದಾಟಿದರೆ ಮೊದಲೇ ಕೇಳಬಹುದು ಎಂದು ಯಾರಾದರೂ ಹೇಳಿಯಾರು. ನಿಜ, ಆದರೆ ಮೊದಲಾದ ಪ್ರತಿ ವರ್ಷಕ್ಕೆ ಶೇ 4 ಕಡಿತ, ಅದೂ ಶಾಶ್ವತ. ಕಾಯುವುದೇ ಲೇಸು.

ನಿಮ್ಮ ಖಾತೆಯಲ್ಲೂ ಇ-ನಾಮಿನೇಷನ್ ಆಗಿದೆಯೇ, ಸೇರಿದ ತಾರೀಕು ಸರಿಯಿದೆಯೇ ನೋಡಿ. 58 ತುಂಬಿದ ಮೇಲೆ ಕಂಪನಿ ನಿಮ್ಮನ್ನು ಮುಂದುವರಿಸಿದರೆ ಪಿಂಚಣಿಯ 1,250 ನಿಲ್ಲಿಸಿ ಪೂರ್ತಿ ಪಿಎಫ್‌ಗೆ ಹಾಕಬೇಕು. ಅಭ್ಯಾಸಬಲದಿಂದ ಹಾಗೇ ಕಟ್ಟುತ್ತಾ ಹೋಗಿ, ಪಿಂಚಣಿ ಅರ್ಜಿ ತಿಂಗಳುಗಟ್ಟಲೆ ಸಿಕ್ಕಿಬೀಳುವುದುಂಟು. ಸಂಬಳದ ಪಟ್ಟಿ ಮಾಡುವವರು ನೀವೇ ಇರಬೇಕು, ಕಣ್ಣಿಡಿ.

ಎಲ್ಲಕ್ಕಿಂತ ತುರ್ತು ಆರೋಗ್ಯ ವಿಮೆ. ಕಂಪನಿಯ ಗುಂಪು ವಿಮೆ ಇದ್ದರೆ ಅದು ನಿವೃತ್ತಿಯ ದಿನಕ್ಕೆ ಮುಗಿಯುತ್ತದೆ. ಮಂಗಳೂರಿನಲ್ಲಿ ಆಸ್ಪತ್ರೆಗೂ ಬರವಿಲ್ಲ, ಬಿಲ್ಲಿಗೂ ಬರವಿಲ್ಲ. ಇಬ್ಬರಿಗೂ ಸೇರಿ ಐದು ಲಕ್ಷದ ಪಾಲಿಸಿಯನ್ನು ಈ ತಿಂಗಳೇ ಮಾಡಿಸಿ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಈಗ ಶುರು ಮಾಡಿದರೆ ಅದರಲ್ಲಿ ಎರಡು ವರ್ಷ ನೌಕರಿಯಲ್ಲೇ ಕಳೆಯುತ್ತದೆ, 58ಕ್ಕೆ ಶುರು ಮಾಡಿದರೆ 61ರವರೆಗೆ ಶುಗರ್-ಬಿಪಿಯ ತೊಂದರೆಗೆ ಕೈಯಿಂದಲೇ ಕಟ್ಟಬೇಕು. ಅರ್ಜಿಯಲ್ಲಿ ಶುಗರ್, ಬಿಪಿ, ತಿನ್ನುವ ಮಾತ್ರೆಯ ಹೆಸರು ಎಲ್ಲ ಬರೆಸಿ. 'ಅದೆಲ್ಲ ಹಾಕುದು ಬೇಡ' ಎನ್ನುವ ಏಜೆಂಟ್ ಕ್ಲೇಮಿನ ದಿನ ಫೋನ್ ಎತ್ತುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ. ಈ ಪ್ರೀಮಿಯಮ್ ಮೇಲಿನ 22 ಸಾವಿರದ ಹೊರಗಿನದ್ದು. ಸಂಬಳ ಇರುವವರೆಗೆ ಅದರಲ್ಲೇ ಕಟ್ಟಿ, ಆಮೇಲೆ ಅಂಗಡಿ ಲೆಕ್ಕದ ದುಡಿಮೆಯಿಂದ.

ಕೊನೆಯದಾಗಿ ಆ ಹಂಚಿನ ಮಾಡು. ಹಳೆಯ ಮನೆ ಎಂದಿದ್ದೀರಿ. ಗೆದ್ದಲು ಹಿಡಿದ ಪಕ್ಕಾಸು, ರೀಪು ಬದಲಾಯಿಸುವುದಿದ್ದರೆ ಸಂಬಳ ಬರುತ್ತಿರುವ ಈ ಎರಡು ವರ್ಷದಲ್ಲೇ ಮುಗಿಸಿ, ನಿವೃತ್ತಿಯ ಹಣಕ್ಕೆ ಆ ಖರ್ಚು ಹೊರಿಸಬೇಡಿ. ಒಂದು ವರ್ಷ ಅಡುಗೆಕೋಣೆಯ ಬದಿ, ಮರುವರ್ಷ ಚಾವಡಿ. ಮಾರ್ಚ್‌ನಲ್ಲೇ ಬಡಗಿಗೆ ಹೇಳಿ. ಮೇ ಕೊನೆಗೆ, ಮೋಡ ಕಟ್ಟಿದ ಮೇಲೆ, ಕೇಳಿದಷ್ಟು ಕೊಟ್ಟರೂ ಮಾಡಿಗೆ ಹತ್ತಲು ಜನ ಸಿಗುವುದಿಲ್ಲ.