ಮನುಷ್ಯನಿಗೆ ತಗಲಿದ ಬ್ರುಸೆಲ್ಲೋಸಿಸ್ ಯಾವ ಪ್ರಾಣಿಯಿಂದ ಬಂತೆಂದು ಡಿಎನ್‌ಎ ಪರೀಕ್ಷೆಯಿಂದ ಹೇಗೆ ತಿಳಿಯುತ್ತದೆ?

ಬ್ರುಸೆಲ್ಲೋಸಿಸ್ ಎಂಬುದು ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ, ಪ್ರಾಣಿಗಳಿಂದ ಮನುಷ್ಯನಿಗೆ ತಗಲುವ ರೋಗ. ಡಿಎನ್‌ಎ ತುಣುಕನ್ನು ಹಲವು ಪಟ್ಟು ನಕಲು ಮಾಡಿ ಗುರುತಿಸುವ ಪಿಸಿಆರ್ ಪರೀಕ್ಷೆಯು ರೋಗಾಣು ಬ್ರುಸೆಲ್ಲಾ ಹೌದೇ, ಹೌದಾದರೆ ಯಾವ ಪ್ರಭೇದ ಎಂಬುದನ್ನು ತಿಳಿಸುತ್ತದೆ. ಆಮೇಲೆ ಜೀನೋಟೈಪಿಂಗ್, ಅಂದರೆ ತಳಿ ಗುರುತಿಸುವಿಕೆ, ರೋಗಿಯಲ್ಲಿ ಮತ್ತು ಪ್ರಾಣಿಯಲ್ಲಿ ಸಿಕ್ಕ ರೋಗಾಣುಗಳು ಒಂದೇ ಮೂಲದವೇ ಎಂದು ಹೋಲಿಸಿ ನೋಡಲು ನೆರವಾಗುತ್ತದೆ.

ಬ್ರುಸೆಲ್ಲಾ ಪ್ರಭೇದಗಳ ಡಿಎನ್‌ಎ ಬಹುಪಾಲು ಒಂದೇ ಆಗಿರುವುದರಿಂದ ವ್ಯತ್ಯಾಸವನ್ನು ಎಲ್ಲೆಂದರಲ್ಲಿ ಹುಡುಕಲಾಗದು. ಆದರೆ ಐಎಸ್711 ಎಂಬ ಸಣ್ಣ ಡಿಎನ್‌ಎ ತುಣುಕು ಪ್ರಭೇದದಿಂದ ಪ್ರಭೇದಕ್ಕೆ ಬೇರೆ ಬೇರೆ ಜಾಗಗಳಲ್ಲೂ ಸೇರಿಕೊಂಡಿರುತ್ತದೆ. ಆ ಜಾಗವನ್ನು ಆಧರಿಸಿ ನಕಲು ಮಾಡುವ ಅಮೋಸ್ ಪಿಸಿಆರ್‌ನಲ್ಲಿ, ಮುಖ್ಯವಾಗಿ ದನಗಳಲ್ಲಿರುವ ಬ್ರುಸೆಲ್ಲಾ ಅಬಾರ್ಟಸ್‌ನ ಸಾಮಾನ್ಯ ಬಗೆಗಳಿಗೆ 498 ಬೇಸ್ ಜೋಡಿಗಳ (ಇದು ಡಿಎನ್‌ಎ ಉದ್ದದ ಅಳತೆ) ತುಣುಕೂ, ಆಡು-ಕುರಿಗಳ ಬ್ರುಸೆಲ್ಲಾ ಮೆಲಿಟೆನ್ಸಿಸ್‌ಗೆ 731 ಬೇಸ್ ಜೋಡಿಗಳ ತುಣುಕೂ ಬರುತ್ತವೆ.

ಪ್ರಭೇದ ಗೊತ್ತಾದ ಮಾತ್ರಕ್ಕೆ ಮೂಲ ಗೊತ್ತಾದಂತಲ್ಲ. ಮೆಲಿಟೆನ್ಸಿಸ್ ದನಗಳಿಗೂ ತಗಲಬಲ್ಲದು. ಆದ್ದರಿಂದಲೇ ಎಂಎಲ್‌ವಿಎ-16 ವಿಧಾನದಲ್ಲಿ, ಡಿಎನ್‌ಎಯ 16 ತಾಣಗಳಲ್ಲಿ ಒಂದೇ ಸರಣಿ ಎಷ್ಟೆಷ್ಟು ಸಲ ಮರುಕಳಿಸಿದೆ ಎಂದು ಎಣಿಸುತ್ತಾರೆ. ಕೆಲವು ತಾಣಗಳಲ್ಲಿ ಈ ಎಣಿಕೆ ಬೇಗ ಬದಲಾಗುವುದರಿಂದ, ಎಲ್ಲ ತಾಣಗಳಲ್ಲೂ ಹೊಂದಿಕೆ ಕಂಡುಬಂದರೆ ಸಮೀಪದ ಸಂಬಂಧವನ್ನು ಬಲವಾಗಿ ಶಂಕಿಸಬಹುದು.

ಒಂದು ಮಾತನ್ನು ಮಾತ್ರ ಮರೆಯಬಾರದು: ರಕ್ತದಲ್ಲಿ ರೋಗಾಣುಗಳು ತೀರಾ ಕಡಿಮೆ ಇರಬಹುದಾದ್ದರಿಂದ, ಪಿಸಿಆರ್ ನೆಗೆಟಿವ್ ಬಂದರೂ ಪ್ರತಿಕಾಯ ಪರೀಕ್ಷೆಯನ್ನು ಕೈಬಿಡಬಾರದು.