ಮಾತ್ರೆ ಬರುತ್ತದೆ, ಮಾತು ಬರುವುದಿಲ್ಲ

ಶಿವಮೊಗ್ಗ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ. ಅವರಿಗೆ 63, ಪುಣೆಯಲ್ಲಿರುವ ಮಗಳಿಗೆ 34. ಮಗಳ ವಿಚ್ಛೇದನವಾದ ಮೇಲೆ ಒಂದು ಗೃಹಪ್ರವೇಶದಲ್ಲಿ, ನೆಂಟರೆಲ್ಲ ಇದ್ದಾಗ, "ಸ್ವಲ್ಪ ಹೊಂದಿಕೊಂಡಿದ್ದರೆ ಸಂಸಾರ ಉಳೀತಿತ್ತು" ಅಂದುಬಿಟ್ಟರು. ಎಂಟು ತಿಂಗಳಿಂದ ಮಗಳು ಫೋನ್ ಎತ್ತಿಲ್ಲ. ಪಕ್ಕದ ಮನೆಯವರ ನಂಬರಿನಿಂದ ಮಾಡಿದರೂ ದನಿ ಕೇಳಿ ಇಟ್ಟಳಂತೆ.

ಪತ್ರದ ಕೊನೆಗೆ ಗೊಣಗಿದ ಹಾಗೆ ಒಂದು ಸಾಲು: "ತಿಂಗಳಿಗೊಮ್ಮೆ ಬಿಪಿ ಮಾತ್ರೆ ಮಾತ್ರ ಕೊರಿಯರ್‌ನಲ್ಲಿ ಬರುತ್ತೆ."

ಅಮ್ಮಾ, ಪತ್ರ ಶುರುವಾಗಬೇಕಿದ್ದದ್ದೇ ಅಲ್ಲಿಂದ. ನಿಮ್ಮ ಮಾತ್ರೆ ಯಾವತ್ತು ಮುಗಿಯುತ್ತದೆ ಎಂದು ಲೆಕ್ಕ ಇಟ್ಟುಕೊಂಡಿರುವ ಮಗಳು ನಿಮ್ಮನ್ನು ಕೈಬಿಟ್ಟಿಲ್ಲ. ನಿಮ್ಮ ಮಾತಿಗೆ ಹೆದರಿದ್ದಾಳೆ, ಅಷ್ಟೇ. ಹೆದರುವುದರಲ್ಲಿ ತಪ್ಪೂ ಇಲ್ಲ.

ನನಗೆ ಸಿಟ್ಟು ಬಂದದ್ದು ನಿಮ್ಮ ತಂಗಿಯ ಮೇಲೆ. ಮಗಳ ವಾಟ್ಸಾಪ್ ಸ್ಟೇಟಸ್ಸಿನ ಫೋಟೊ ದಿನಾ ನಿಮಗೆ ಕಳಿಸಿ "ನೋಡು, ಹೇಗೆ ನಗ್ತಿದ್ದಾಳೆ" ಅನ್ನುವುದು ಅಕ್ಕರೆಯಲ್ಲ. ಇವತ್ತೇ ಹೇಳಿ: "ಅವಳ ಸುದ್ದಿ ನನಗೆ ತರಬೇಡ, ನನ್ನದು ಅವಳಿಗೆ ಒಯ್ಯಬೇಡ."

ಸತ್ತವರ ದುಃಖಕ್ಕಾದರೂ ಹನ್ನೊಂದನೆಯ ದಿನವಿದೆ, ತಿಥಿಯಿದೆ. ಬದುಕಿದ್ದೂ ದೂರವಾದವರ ದುಃಖಕ್ಕೆ ಅಂಥ ಗಡುವಿಲ್ಲ. ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಇದನ್ನು 'ಅಸ್ಪಷ್ಟ ನಷ್ಟ' ಎಂದು ಕರೆದರು. ಇವತ್ತು ಕರೆ ಬರಬಹುದು ಎಂಬ ಆಸೆಯೇ ಗಾಯ ಒಣಗಲು ಬಿಡುವುದಿಲ್ಲ. ರಾತ್ರಿ ಎರಡರ ತನಕ ಅವಳ 'ಲಾಸ್ಟ್ ಸೀನ್' ನೋಡುತ್ತ ಕೂರುವುದು ಆ ಗಾಯ ಕೆರೆದುಕೊಂಡ ಹಾಗೆ. ನಿದ್ದೆಗೆಟ್ಟರೆ ಬಿಪಿಯೂ ಏರುತ್ತದೆ. ಒಂಬತ್ತೂವರೆಗೆ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಬೆಳಿಗ್ಗೆ ಏಳಲು ಬೇರೆ ಅಲಾರಂ ಗಡಿಯಾರ ಕೊಳ್ಳಿ. ನಿದ್ದೆ, ಊಟ ಎರಡೂ ಎರಡು ವಾರ ಕೆಟ್ಟರೆ ವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮಾಡಬೇಕಾದದ್ದು ಒಂದೇ. ಭಾನುವಾರ ಬೆಳಿಗ್ಗೆ ಈ ಸಂದೇಶ ಕಳಿಸಿ: "ಗೃಹಪ್ರವೇಶದಲ್ಲಿ ಎಲ್ಲರೆದುರು ನಾನು ಹಾಗಂದದ್ದು ತಪ್ಪು. ನಿನಗೆ ನೋವಾಗಿದೆ. ಉತ್ತರ ಬರೆಯಲೇಬೇಕು ಅಂತಿಲ್ಲ."

ಇದಕ್ಕೆ ಏನನ್ನೂ ಸೇರಿಸಬೇಡಿ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, 'ಆದರೆ' ಎಂದು ಬರೆದ ಕ್ಷಣ ಕ್ಷಮೆ ಹೋಗಿ ವಾದ ಶುರುವಾಗುತ್ತದೆ. 'ನನಗೂ ವಯಸ್ಸಾಯ್ತು', 'ಬಿಪಿ ಜಾಸ್ತಿಯಾಗಿದೆ' ಎಂದರೆ ಅವಳಿಗೆ ಕೇಳುವುದು ಬೆದರಿಕೆಯೇ. ಪ್ರಶ್ನೆ ಕೇಳಿದರೆ ಉತ್ತರದ ಸಾಲ ಹೊರಿಸಿದಂತೆ. ನೀಲಿ ಗೆರೆ ಬಂದೂ ಉತ್ತರ ಬರದಿದ್ದರೆ ಮತ್ತೊಂದು ಸಂದೇಶ ಬೇಡ, ಇನ್ನೊಬ್ಬರ ಫೋನಂತೂ ಬೇಡವೇ ಬೇಡ.

ಮುಂದಿನ ಕೊರಿಯರ್ ಬಂದ ದಿನ "ಮಾತ್ರೆ ತಲುಪಿತು ಮಗಾ" ಎಂದು ಬರೆಯಿರಿ. ಆಮೇಲೆ ಅದರ ಮುಂದಿನ ಕೊರಿಯರ್ ತನಕ ಸುಮ್ಮನಿರಿ.